ಫಲಿತಾಂಶ ಏರಿದರೆ ಕಲಿಕೆಯೂ ಏರಿತೇ?

ತುಮಕೂರು: ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನವೇ ಜಿಲ್ಲೆಗಳ ಸ್ಥಾನದ ಲೆಕ್ಕಾಚಾರ ಆರಂಭವಾಗುತ್ತದೆ. ಸ್ಥಾನ ಮೇಲೇರಿದರೆ ಆ ವರ್ಷ ಕೈಗೊಂಡ ವಿಶೇಷ ತರಗತಿ, ಸರಣಿ ಪರೀಕ್ಷೆಗಳಿಗೆ ಶ್ರೇಯಸ್ಸು ಸಲ್ಲುತ್ತದೆ. ಕುಸಿದರೆ ಮುಖ್ಯ ಶಿಕ್ಷಕರಿಂದ ವಿವರಣೆ ಕೇಳಲಾಗುತ್ತದೆ. ಆದರೆ ಯೋಜನೆಯೊಂದು ಫಲ ಕೊಟ್ಟಿತೇ ಎಂಬ ಪ್ರಶ್ನೆಗೆ ಶೇಕಡಾವಾರು ಅಂಕಿಯೊಂದೇ ಉತ್ತರ ಹೇಳಬಲ್ಲುದೇ? ಹೇಳಲಾರದು ಎಂಬುದಕ್ಕೆ ರಾಜ್ಯದ ಇತ್ತೀಚಿನ ಅನುಭವವೇ ಸಾಕ್ಷಿ.

ಬದಲಾದ ಅಳತೆಗೋಲು

ಕೋವಿಡ್ ಕಾರಣದಿಂದ ಎರಡೇ ದಿನ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದ 2021ರಲ್ಲಿ ರಾಜ್ಯದ ಬಹುತೇಕ ಎಲ್ಲ ವಿದ್ಯಾರ್ಥಿಗಳೂ ಉತ್ತೀರ್ಣರಾದರು. 2022ರಲ್ಲಿ ಫಲಿತಾಂಶ ಶೇ. 85.63ರಷ್ಟಿತ್ತು, 2023ರಲ್ಲಿ ಶೇ. 83.89. 2024ರಲ್ಲಿ ಅದು ಒಮ್ಮೆಗೇ ಶೇ. 73.40ಕ್ಕೆ ಇಳಿಯಿತು.

ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಹದಗೆಟ್ಟಿತೇ? ಹಾಗೆಂದು ನಿರ್ಧರಿಸಲು ಆಧಾರವಿಲ್ಲ. ನಕಲು ತಡೆಯಲು ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ಕುಸಿತ ತಗ್ಗಿಸಲು ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಕೃಪಾಂಕ ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಲಾಯಿತು. ಒಂದು ಕ್ರಮ ಅಂಕಿಯನ್ನು ಕೆಳಕ್ಕೆ ಎಳೆದರೆ ಇನ್ನೊಂದು ಮೇಲಕ್ಕೆ ತಳ್ಳಿತು. ಎರಡರ ನಡುವೆ ಮಕ್ಕಳು ನಿಜಕ್ಕೂ ಎಷ್ಟು ಕಲಿತಿದ್ದರು ಎಂಬುದು ಮರೆಯಾಯಿತು. ಉತ್ತೀರ್ಣತೆಗೆ ಬೇಕಾದ ಅಂಕವನ್ನೇ ಶೇ. 35ರಿಂದ 33ಕ್ಕೆ ಇಳಿಸುವ ನಿರ್ಧಾರವನ್ನು ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅಳತೆಗೋಲೇ ಬದಲಾಗುತ್ತಿರುವಾಗ ಹಿಂದಿನ ವರ್ಷದೊಡನೆ ಹೋಲಿಕೆ ಅರ್ಥ ಕಳೆದುಕೊಳ್ಳುತ್ತದೆ.

ಒಂದೇ ಪ್ರಶ್ನೆ, ಪ್ರತಿ ಬಾರಿ

ಇದಕ್ಕೆ ತದ್ವಿರುದ್ಧವಾದ ಮಾದರಿ ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ‘ಅಸರ್’ ಸಮೀಕ್ಷೆ. ಪ್ರತಿ ಜಿಲ್ಲೆಯಲ್ಲಿ 30 ಹಳ್ಳಿ, ಪ್ರತಿ ಹಳ್ಳಿಯಲ್ಲಿ 20 ಮನೆಗಳನ್ನು ಯಾದೃಚ್ಛಿಕವಾಗಿ ಆರಿಸಿ, ಮನೆಯಲ್ಲೇ ಮಕ್ಕಳ ಓದು ಮತ್ತು ಲೆಕ್ಕವನ್ನು ಪರೀಕ್ಷಿಸಲಾಗುತ್ತದೆ. ಮಗು ಯಾವ ತರಗತಿಯಲ್ಲೇ ಇರಲಿ, ಓದಿನ ಪರೀಕ್ಷೆಯ ಗರಿಷ್ಠ ಮಟ್ಟ ಎರಡನೇ ತರಗತಿಯ ಪಠ್ಯ. ದೇಶದ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಅದನ್ನು ಓದಬಲ್ಲವರು 2018ರಲ್ಲಿ ಶೇ. 20.9 ಇದ್ದರು. ಕೋವಿಡ್ ಬಳಿಕ 2022ರಲ್ಲಿ ಶೇ. 16.3ಕ್ಕೆ ಕುಸಿದು, 2024ರಲ್ಲಿ ಶೇ. 23.4ಕ್ಕೆ ಏರಿದರು. ಅಳತೆಗೋಲು ಒಂದೇ ಆಗಿದ್ದುದರಿಂದ ಈ ಏರಿಳಿತವನ್ನು ನಂಬಬಹುದು.

ಆದರೆ ಇದಕ್ಕೂ ಮಿತಿಗಳಿವೆ. ಸಮೀಕ್ಷೆ ನಡೆಯುವುದು ಗ್ರಾಮಾಂತರ ಪ್ರದೇಶದಲ್ಲಿ ಮಾತ್ರ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳು ಆಯ್ಕೆಯಾಗಬಹುದು. ತುಮಕೂರು ನಗರ ವ್ಯಾಪ್ತಿಯ ಶೆಟ್ಟಿಹಳ್ಳಿಯಂತಹ ಬಡಾವಣೆಗಳ ಮಕ್ಕಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲದೆ, ಏನಾಯಿತು ಎಂಬುದನ್ನು ಸಮೀಕ್ಷೆ ಹೇಳುತ್ತದೆಯೇ ಹೊರತು ಯಾವ ಯೋಜನೆಯಿಂದ ಆಯಿತು ಎಂಬುದನ್ನಲ್ಲ.

ಯಾವುದಕ್ಕೆ ಹೋಲಿಸಿ?

ಕಾರಣ ತಿಳಿಯಬೇಕಾದರೆ ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಂದಾಜಿಸಬೇಕು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಾಗೂ ವಿಜಯಪುರದಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬಾಳೆಹಣ್ಣು ನೀಡಲಾರಂಭಿಸಿದಾಗ ಪರ ವಿರೋಧದ ಚರ್ಚೆ ಬಿಸಿಯೇರಿತ್ತು. ಆಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ದೊರೆಯುತ್ತಿದ್ದ ಯಾದಗಿರಿಯ ಮಕ್ಕಳನ್ನು ದೊರೆಯದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿತು. ಎಂಟನೇ ತರಗತಿಯ ಬಾಲಕಿಯರಲ್ಲಿ ತೂಕದ ಹೆಚ್ಚಳ ಯಾದಗಿರಿಯಲ್ಲಿ ಶೇ. 71ರವರೆಗೆ ಅಧಿಕವಿತ್ತು. 2022-23ನೇ ಸಾಲಿನಲ್ಲಿ ಯೋಜನೆ ಇತರ ಜಿಲ್ಲೆಗಳಿಗೂ ವಿಸ್ತರಣೆಗೊಂಡಿತು.

ಬೆಳೆಯುವ ಮಕ್ಕಳ ತೂಕ ಯೋಜನೆ ಇಲ್ಲದೆಯೂ ಏರುತ್ತದೆ. ಗದಗದ ಅಂಕಿ ಇಲ್ಲದಿದ್ದರೆ ಯಾದಗಿರಿಯ ಅಷ್ಟೂ ಏರಿಕೆಯನ್ನು ಮೊಟ್ಟೆಯ ಲೆಕ್ಕಕ್ಕೇ ಬರೆಯಬೇಕಾಗುತ್ತಿತ್ತು. ಹೋಲಿಕೆಯ ಬೆಲೆ ಇರುವುದು ಇಲ್ಲಿ. ಹಾಗೆಂದು ಎಲ್ಲ ಹೋಲಿಕೆಯೂ ಸರಿಯಲ್ಲ. ತುಮಕೂರು ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಬರಪೀಡಿತ ಪಾವಗಡವನ್ನೊಳಗೊಂಡ ಮಧುಗಿರಿಯಲ್ಲಷ್ಟೇ ಯೋಜನೆಯೊಂದನ್ನು ಜಾರಿಗೊಳಿಸಿ ತುಮಕೂರಿಗೆ ಹೋಲಿಸಿದರೆ, ಕಂಡುಬರುವ ವ್ಯತ್ಯಾಸ ಯೋಜನೆಯದೋ, ಊರಿನ ಸ್ಥಿತಿಗತಿಯದೋ ಎಂಬ ಅನುಮಾನ ಉಳಿಯುತ್ತದೆ.

ಈ ಅನುಮಾನ ನಿವಾರಣೆಗೆ ಅರ್ಥಶಾಸ್ತ್ರಜ್ಞರು ಕಂಡುಕೊಂಡ ದಾರಿ ಚೀಟಿ ಎತ್ತುವುದು. 2001ರಿಂದ 2003ರ ಅವಧಿಯಲ್ಲಿ ಮುಂಬೈ ಮತ್ತು ವಡೋದರದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ‘ಬಾಲಸಖಿ’ಯರಿಂದ ಪಾಠ ಹೇಳಿಸಿದ ಪ್ರಯೋಗದಲ್ಲಿ, ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ಎಂಬುದನ್ನು ಹೀಗೆಯೇ ನಿರ್ಧರಿಸಲಾಯಿತು. ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಆದರೆ ಯೋಜನೆ ಮುಗಿದ ಒಂದು ವರ್ಷದ ನಂತರ ಪರೀಕ್ಷಿಸಿದಾಗ ಆ ಲಾಭದ ಬಹುಭಾಗ ಕರಗಿತ್ತು. ಯಶಸ್ಸನ್ನು ಒಮ್ಮೆ ಅಳೆದು ಕೈಬಿಡಬಾರದು ಎಂಬ ಪಾಠ ಇದರಲ್ಲಿದೆ. ಈ ಅಧ್ಯಯನದಲ್ಲಿ ಪಾಲ್ಗೊಂಡಿದ್ದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೋ ಅವರು ಮೈಕೆಲ್ ಕ್ರೆಮರ್ ಜೊತೆಗೆ 2019ರ ಅರ್ಥಶಾಸ್ತ್ರ ನೊಬೆಲ್ ಪಡೆದರು.

ಪೋಷಕರು ಕೇಳಬೇಕಾದದ್ದು

ಇಂತಹ ಪ್ರಯೋಗ ನಡೆಸುವುದು ಪ್ರತಿ ಶಾಲೆಗೂ ಸಾಧ್ಯವಿಲ್ಲ. ಆದರೆ ಶೇ. 100 ಫಲಿತಾಂಶದ ಫಲಕ ತೂಗುಹಾಕಿದ ಶಾಲೆಯ ಮುಂದೆ ನಿಂತ ಪೋಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸದಸ್ಯರು ಕೆಲವು ಸರಳ ಪ್ರಶ್ನೆಗಳನ್ನು ಕೇಳಬಹುದು. ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೇ ತರಗತಿಯ ಪರೀಕ್ಷೆ ಬರೆದರು? ದುರ್ಬಲ ವಿದ್ಯಾರ್ಥಿಗಳು ನಡುವೆಯೇ ಶಾಲೆ ಬಿಟ್ಟರೆ ಶೇಕಡಾವಾರು ತಾನಾಗಿಯೇ ಏರುತ್ತದೆ. ಸೇರುವಾಗ ಮಕ್ಕಳ ಮಟ್ಟ ಎಷ್ಟಿತ್ತು? ಪ್ರವೇಶ ಪರೀಕ್ಷೆ ನಡೆಸಿ ಆಯ್ದುಕೊಂಡ ಶಾಲೆಯನ್ನು ಬಂದವರನ್ನೆಲ್ಲ ಸೇರಿಸಿಕೊಳ್ಳುವ ಸರ್ಕಾರಿ ಶಾಲೆಯೊಂದಿಗೆ ತೂಗುವುದು ನ್ಯಾಯವಲ್ಲ. ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಪರೀಕ್ಷಾ ನಿಯಮ ಒಂದೇ ಇತ್ತೇ?

ಫಲಿತಾಂಶವೊಂದನ್ನೇ ಗುರಿಯಾಗಿಸಿದರೆ ಅಂಕಿಯನ್ನು ಏರಿಸುವ ದಾರಿಗಳು ಹಲವು. ಅಳತೆ ತಪ್ಪಿದಲ್ಲಿ ಉತ್ತಮ ಯೋಜನೆ ನಿಂತುಹೋಗಿ ನಿಷ್ಪ್ರಯೋಜಕ ಯೋಜನೆ ಮುಂದುವರಿಯುವ ಅಪಾಯವಿದೆ. ಅದರ ನಷ್ಟ ತಟ್ಟುವುದು, ಎರಡನೇ ತರಗತಿಯ ಪಾಠವನ್ನೂ ಓದಲಾರದೆ ಮುಂದಿನ ತರಗತಿಗಳಿಗೆ ಸಾಗುತ್ತಿರುವ ಮಕ್ಕಳಿಗೆ.