ಗೋಲು ತಡೆಯುವವನ ಲೆಕ್ಕ

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನಿಗೆ ಹೆಸರು. ತಡೆದವನನ್ನು ಕೇಳುವವರು ಕಡಿಮೆ. ಮುಂಬೈಯಲ್ಲಿ 1990ರಲ್ಲಿ ಜನಿಸಿದ ರಾಹುಲ್ ಭೆಕೆ ರಕ್ಷಣಾ ಆಟಗಾರ. 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು.

2019ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗ್ ಫೈನಲ್. ಎದುರಿಗೆ ಗೋವಾ, ಆ ಸಲ ಅತಿ ಹೆಚ್ಚು ಗೋಲು ಹೊಡೆದಿದ್ದ ಕೋರೋ ಅದರಲ್ಲಿದ್ದರು. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಆಟದ 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ಭೆಕೆ ತಲೆಯಿಂದ ಗೋಲಿಗೆ ಅಟ್ಟಿದರು. 1-0! ಬೆಂಗಳೂರಿಗೆ ಆ ಲೀಗಿನ ಮೊದಲ ಕಿರೀಟ.

ವಿದ್ಯಾರ್ಥಿಗಳೇ, ಆ ಒಂದು ಗೋಲು ಸಾಕಾದದ್ದೇಕೆ? 120 ನಿಮಿಷವೂ ರಕ್ಷಕರು ಎದುರಾಳಿಗೆ ಗೋಲು ಬಿಟ್ಟುಕೊಡಲಿಲ್ಲ. ರಕ್ಷಕ ಚೆಂಡಿನತ್ತ ಸರಿದಷ್ಟೂ ಹೊಡೆಯುವವನಿಗೆ ತೆರೆದ ಕೋನ ಕಿರಿದಾಗುತ್ತದೆ. ಇದು ಅಂಕಪಟ್ಟಿಯಲ್ಲಿ ಕಾಣದ ದುಡಿಮೆ. ಪಾಲಕರೇ, ಹುಲಿಹೈದರದ ಮೈದಾನದಲ್ಲಾಗಲಿ ಮನೆಯಲ್ಲಾಗಲಿ, ಮಗುವಿನ ಇಂಥ ದುಡಿಮೆಗೂ ಬೆನ್ನು ತಟ್ಟಿ.