ಹದಿಹರೆಯದ ಗುಟ್ಟು ಮತ್ತು ಶಾಲೆಯ ದಾದಿ

ಮುಟ್ಟಿನ ಏರುಪೇರು, ಸ್ವಪ್ನಸ್ಖಲನದ ಭಯ, ನಿದ್ದೆಗೇಡು, ಪರೀಕ್ಷೆಯ ಆತಂಕ, ಗುಟ್ಕಾದ ಚಟ ಮುಂತಾಗಿ ಹದಿಹರೆಯದವರನ್ನು ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ವೈದ್ಯಶಾಸ್ತ್ರಕ್ಕೆ ಕಠಿಣವಾದವುಗಳಲ್ಲ. ಹೇಳಿಕೊಳ್ಳಲು ನಂಬಿಕೆಯ ಒಬ್ಬರೂ ಇಲ್ಲದಾಗ ಅವು ಕಠಿಣವಾಗುತ್ತವೆ. ಈ ಕೊರತೆಯನ್ನು ತುಂಬಲು ಕೆಲವು ದೇಶಗಳು ಶಾಲೆಯಲ್ಲಿಯೇ ದಾದಿಯನ್ನು ನೇಮಿಸುವ ಪದ್ಧತಿಯನ್ನು ಬೆಳೆಸಿಕೊಂಡಿವೆ. 1902ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಗೆ ಲೀನಾ ರಾಜರ್ಸ್ ಎಂಬ ದಾದಿಯನ್ನು ಕಳುಹಿಸಿದಾಗ ಕಜ್ಜಿ, ಕಣ್ಣುಬೇನೆಗಳಿಂದ ಮಕ್ಕಳು ಪಾಠ ಕಳೆದುಕೊಳ್ಳುವುದನ್ನು ತಪ್ಪಿಸುವುದಷ್ಟೇ ಉದ್ದೇಶವಾಗಿತ್ತು. ಕಾಲಕ್ರಮದಲ್ಲಿ ಆ ಕೆಲಸಕ್ಕೆ ಆಪ್ತಸಲಹೆಯೂ ಸೇರಿತು. ಇಂಗ್ಲೆಂಡಿನಲ್ಲಿ 1985ರ ಗಿಲಿಕ್ ತೀರ್ಪು, ಚಿಕಿತ್ಸೆಯ ಸ್ವರೂಪವನ್ನು ಪೂರ್ತಿ ಗ್ರಹಿಸಬಲ್ಲ ಹದಿನಾರರೊಳಗಿನವರು ತಾವೇ ಅದಕ್ಕೆ ಒಪ್ಪಿಗೆ ನೀಡಬಹುದೆಂದು ಹೇಳಿದ್ದರಿಂದ, ಮಕ್ಕಳ ಗುಟ್ಟನ್ನು ಕಾಯುವುದಕ್ಕೆ ಅಲ್ಲಿ ಕಾನೂನಿನ ಆಧಾರವೂ ದೊರೆಯಿತು.

ಗುಟ್ಟು ಉಳಿಸಿ ನೆರವಾಗುವ ವಿಚಾರವು ಪುಣೆಗೆ ಪರದೇಶದಿಂದ ಬಂದದ್ದಲ್ಲ. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ, 1863ರಲ್ಲಿ ಅದೇ ಊರಿನಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ಸ್ಥಾಪಿಸಿ, ಗರ್ಭಿಣಿಯರಾದ ವಿಧವೆಯರು ಹೆಸರು ಬಯಲಾಗದಂತೆ ಅಲ್ಲಿ ಬಂದು ಹೆರಬಹುದೆಂದು ಸಾರಿದರು. ಅಂದಿನ ಬಾಲವಿಧವೆಯರಲ್ಲಿ ಎಷ್ಟೋ ಮಂದಿ ಇಂದು ಪ್ರೌಢಶಾಲೆಯಲ್ಲಿ ಕೂರುವ ವಯಸ್ಸಿನವರೇ ಆಗಿದ್ದರೆಂಬುದನ್ನು ನೆನೆದರೆ, ಆ ಮನೆಯ ಬಾಗಿಲು ಯಾರಿಗಾಗಿ ತೆರೆದಿತ್ತೆಂಬುದು ಮನಸ್ಸಿಗೆ ನಾಟುತ್ತದೆ. ಮುಂದೆ 1909ರಲ್ಲಿ ರಮಾಬಾಯಿ ರಾನಡೆಯವರ ಮುಂದಾಳುತನದಲ್ಲಿ ಆರಂಭವಾದ ಪುಣೆಯ ಸೇವಾಸದನವು ಮಧ್ಯಮವರ್ಗದ ಹೆಣ್ಣುಮಕ್ಕಳನ್ನು ದಾದಿಯರ ವೃತ್ತಿಗೆ ತಂದಿತು.

ಇಷ್ಟಾದರೂ, ಶಾಲೆಗಳ ಆರೋಗ್ಯಸೇವೆಯು ಈ ದೇಶದಲ್ಲಿ ಬಹುಮಟ್ಟಿಗೆ ತಪಾಸಣೆಯಾಗಿಯೇ ಉಳಿಯಿತು. 1909ರಲ್ಲಿ ಬರೋಡಾ ನಗರದಲ್ಲಿ ಶಾಲಾಮಕ್ಕಳ ವೈದ್ಯಕೀಯ ಪರೀಕ್ಷೆ ಮೊದಲಾಯಿತು. 2013ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಿಂದಲೇ ಚಾಲನೆ ಪಡೆದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ ಮತ್ತು ಒಬ್ಬ ಔಷಧ ವಿತರಕರಿರುವ ಸಂಚಾರಿ ತಂಡವು ವರ್ಷಕ್ಕೊಮ್ಮೆ ಶಾಲೆಗೆ ಬಂದು ಹದಿನೆಂಟರವರೆಗಿನ ಮಕ್ಕಳನ್ನು ಪರೀಕ್ಷಿಸುತ್ತದೆ. ರಕ್ತಹೀನತೆ ತಡೆಯಲು ವಾರಕ್ಕೊಂದು ನೀಲಿ ಮಾತ್ರೆ, ಅಂದರೆ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುವ ಗುಳಿಗೆಯೂ ಶಾಲೆಯಲ್ಲಿಯೇ ಸಿಗುತ್ತದೆ. ತೂಕ, ಎತ್ತರ, ಹಲ್ಲು, ದೃಷ್ಟಿಗಳನ್ನು ಸಾಲಿನಲ್ಲಿ ನಿಲ್ಲಿಸಿ ನೋಡಬಹುದು. ಮುಟ್ಟು ಮೂರು ತಿಂಗಳಿಂದ ನಿಂತಿದೆಯೆಂಬ ಮಾತನ್ನು ಯಾವ ಹುಡುಗಿಯೂ ಸಾಲಿನಲ್ಲಿ ನಿಂತು ಹೇಳಲಾರಳು.

2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಈ ಅಗತ್ಯವನ್ನು ಗುರುತಿಸಿತು. ಮಹಾರಾಷ್ಟ್ರದಲ್ಲಿ ‘ಮೈತ್ರಿ’ ಎಂದೂ ಕರ್ನಾಟಕದಲ್ಲಿ ‘ಸ್ನೇಹಾ’ ಎಂದೂ ಕರೆಯಲಾಗುವ ಹದಿಹರೆಯದವರ ಕ್ಲಿನಿಕ್ಕುಗಳಲ್ಲಿ ಮಾತು ಹೊರಗೆ ಕೇಳಿಸದ ಏಕಾಂತವಿರಬೇಕು, ಸಲಹೆ ನೀಡುವವರು ತೀರ್ಪು ಕೊಡಬಾರದು, ದಾಖಲೆ ಅನ್ಯರ ಕೈಗೆ ಸಿಗಬಾರದು ಎಂಬುದು ಅದರ ನಿಯಮ. ನಿಯಮ ಒಳ್ಳೆಯದೇ. ಆದರೆ ಕ್ಲಿನಿಕ್ಕು ಇರುವುದು ಸರ್ಕಾರಿ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ. ಅಲ್ಲಿಗೆ ಹೋಗಲು ಮನೆಯಲ್ಲಿ ಕಾರಣ ಹೇಳಬೇಕು, ಚೀಟಿಗಾಗಿ ಕಾಯುವಾಗ ನೆರೆಮನೆಯವರ ಕಣ್ಣಿಗೆ ಬೀಳಬೇಕು. ಶಾಲೆಯ ಒಂದು ಕೋಣೆಯಲ್ಲಿ ವಾರಕ್ಕೊಂದು ದಿನ ದಾದಿ ಕುಳಿತರೆ ಈ ಎರಡು ಅಡ್ಡಿಗಳೂ ಇರುವುದಿಲ್ಲ. 2020ರಿಂದ ಪ್ರತಿ ಸರ್ಕಾರಿ ಶಾಲೆಯ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿಗಳ ಹೊಣೆ ವಹಿಸುವ ಯೋಜನೆಯಿದೆಯಾದರೂ, ಅಂಕ ನೀಡುವ ಕೈಯ ಮುಂದೆ ಮಗು ಎಲ್ಲವನ್ನೂ ಬಿಚ್ಚಿಡುವುದೆಂದು ನಿರೀಕ್ಷಿಸುವುದು ಸರಿಯಲ್ಲ.

ಗುಟ್ಟಿಗೂ ಮಿತಿಯುಂಟು. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, ಹದಿನೆಂಟರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಪರಸ್ಪರ ಸಮ್ಮತಿಯ ಸಂಬಂಧವೂ ಕಾಯಿದೆಯ ಕಣ್ಣಿನಲ್ಲಿ ಅಪರಾಧವೇ ಆದ್ದರಿಂದ ಹೆದರಿದ ಹುಡುಗಿಯರು ಆಸ್ಪತ್ರೆಯಿಂದಲೇ ದೂರ ಉಳಿಯುವಂತಾಗಿತ್ತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಇಂತಹ ಸಂಬಂಧದಿಂದ ಗರ್ಭ ಧರಿಸಿದ ಬಾಲಕಿಯೂ ಅವಳ ಪೋಷಕರೂ ಕೋರಿದಲ್ಲಿ, ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತನ್ನು ಬಿಟ್ಟುಕೊಡಬೇಕಿಲ್ಲವೆಂದಿತು. ಈ ವಿನಾಯಿತಿ ಶಾಲೆಯ ದಾದಿಗೆ ಅನ್ವಯಿಸುವಂಥದ್ದಲ್ಲ. ಹಾಗಾಗಿ ಯಾವ ಮಾತನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಲ್ಲೆ, ಯಾವುದನ್ನು ಇಟ್ಟುಕೊಳ್ಳಲಾರೆ ಎಂಬುದನ್ನು ಆಕೆ ಮೊದಲ ಭೇಟಿಯಲ್ಲೇ ಮಗುವಿಗೆ ತಿಳಿಸಬೇಕು. ಎಲ್ಲವನ್ನೂ ಕಾಯುವೆನೆಂದು ಮಾತುಕೊಟ್ಟು ಅನಂತರ ಮುರಿಯುವುದು ಮಗುವಿಗೆ ಮಾಡುವ ದ್ರೋಹ.

ಪುಣೆಯಲ್ಲಿ ಇನ್ನೊಂದು ತೊಡಕೂ ಇದೆ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಕಟ್ಟಡ ಕೆಲಸದಲ್ಲಿ ತೊಡಗಿದ ಕುಟುಂಬಗಳ ಮಕ್ಕಳು ಮರಾಠಿ ಕಲಿತರೂ, ಹೊಟ್ಟೆಯೊಳಗಿನ ಸಂಕಟವನ್ನು ಹೇಳುವ ಹೊತ್ತಿಗೆ ಅವರಿಗೆ ಕನ್ನಡವೇ ಬೇಕಾಗುತ್ತದೆ. ನಡುವೆ ಅಣ್ಣನೋ ಪಕ್ಕದ ಗುಡಿಸಲಿನ ಅಕ್ಕನೋ ದುಭಾಷಿಯಾಗಿ ನಿಂತರೆ ಗುಟ್ಟು ಅಲ್ಲಿಗೇ ಮುಗಿಯಿತು. ಎರಡೂ ಭಾಷೆ ಬಲ್ಲ ದಾದಿಯರನ್ನು ಇಂತಹ ವಸತಿಗಳ ಶಾಲೆಗಳಿಗೆ ಮೊದಲು ಕಳುಹಿಸುವುದು ನಗರಾಡಳಿತದ ಕರ್ತವ್ಯ. ಅಲ್ಲಿಯವರೆಗೆ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಉಚಿತವಾಗಿ ಲಭ್ಯವಿದೆ. ಅಪಾಯದಲ್ಲಿರುವ ಮಕ್ಕಳಿಗೆ 1098 ಇದೆ. ಈ ಎರಡು ಸಂಖ್ಯೆಗಳನ್ನು ಪಾಲಕರು ಮಕ್ಕಳಿಗೆ ಬರೆದುಕೊಡಲಿ, ಕರೆ ಮಾಡಿದೆಯಾ ಎಂದು ಮಾತ್ರ ಕೇಳದಿರಲಿ.