.22 ಪಿಸ್ತೂಲು ಬರೀ ಆಟಿಕೆಯೇ? ಕಡಿಮೆ ಖರ್ಚಿನಲ್ಲಿ ಗುರಿ ಕಲಿಯುವವರು ತಿಳಿಯಬೇಕಾದ ಸಂಗತಿಗಳು

ಅಮೆರಿಕದಲ್ಲಿ ಕೆಲಸಕ್ಕಿರುವ ಮಗ ಶನಿವಾರ ಶೂಟಿಂಗ್ ರೇಂಜಿಗೆ ಹೋದ ಫೋಟೊ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಕೈಯಲ್ಲೊಂದು ಪುಟ್ಟ ಪಿಸ್ತೂಲು. ಊರಲ್ಲಿರುವ ಅಮ್ಮನಿಗೆ ಗಾಬರಿ. "ಏನೂ ಆಗಲ್ಲಮ್ಮ, ಇದು ಟ್ವೆಂಟಿಟೂ, ಆಟದ ಸಾಮಾನಿದ್ದ ಹಾಗೆ" ಅಂತ ಮಗನ ಉತ್ತರ. ಇಂಥ ಮಾತುಗಳನ್ನು ನೀವೂ ಕೇಳಿರಬಹುದು: ".22 ಗುಂಡು ಚರ್ಮ ದಾಟಲ್ಲ", "ಸದ್ದು ಕಡಿಮೆ, ಕಿವಿ ಮುಚ್ಚುವುದು ಬೇಡ", "ರೇಂಜಿನಲ್ಲಿ ಯಾರು ಬೇಕಾದರೂ ಹೊಡೆಯಬಹುದು".

ಕಡಿಮೆ ಖರ್ಚಿನಲ್ಲಿ ಗುರಿ ಕಲಿಯಲು .22 ಒಳ್ಳೆಯ ಆಯ್ಕೆ ಎಂಬುದು ನಿಜ. ಉಳಿದ ಮಾತುಗಳು ನಿಜವಲ್ಲ. ಯಾವುದು ಸರಿ, ಯಾವುದು ತಪ್ಪು ಎಂದು ಒಂದೊಂದಾಗಿ ನೋಡೋಣ.

.22 ಅಂದರೆ ಏನು?

ಇದು ಗುಂಡಿನ ದಪ್ಪದ ಲೆಕ್ಕ. ಒಂದು ಇಂಚನ್ನು ನೂರು ಪಾಲು ಮಾಡಿದರೆ ಅದರಲ್ಲಿ 22 ಪಾಲು, ಅಂದರೆ ಸುಮಾರು 5.6 ಮಿಲಿಮೀಟರ್. ಇವತ್ತು ಹೆಚ್ಚು ಬಳಕೆಯಲ್ಲಿರುವುದು '.22 ಲಾಂಗ್ ರೈಫಲ್' ಎಂಬ ಕಾಡತೂಸು. ಇದು 1887ರಲ್ಲಿ ಅಮೆರಿಕದಲ್ಲಿ ಬಂದದ್ದು. ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಇದನ್ನೇ ಬಳಸುತ್ತಾರೆ.

ಗುಂಡಿನ ತೂಕ ಸಾಮಾನ್ಯವಾಗಿ 2.6 ಗ್ರಾಂ. ಪೊಲೀಸರ ಪಿಸ್ತೂಲುಗಳಲ್ಲಿ ಹೆಚ್ಚಾಗಿ ಕಾಣುವ 9 ಎಂಎಂ ಗುಂಡು ಸುಮಾರು 7.5 ಗ್ರಾಂ ತೂಗುತ್ತದೆ. 9 ಎಂಎಂ ಗುಂಡು ಹೊತ್ತೊಯ್ಯುವ ಶಕ್ತಿ ಪಿಸ್ತೂಲಿನ .22ಕ್ಕಿಂತ ಸರಿಸುಮಾರು ನಾಲ್ಕು ಪಟ್ಟು. ಕೈಗೆ ಬರುವ ಒದೆತವೂ ಮೂರು ಪಟ್ಟಿಗಿಂತ ಹೆಚ್ಚು.

ಖರ್ಚು ಏಕೆ ಕಡಿಮೆ?

ಮೊದಲ ಕಾರಣ, ಸೀಸ, ಹಿತ್ತಾಳೆ, ಮದ್ದು ಎಲ್ಲವೂ ಕಡಿಮೆ ಸಾಕು. ಎರಡನೆಯದು, ತಯಾರಿಕೆಯ ವಿಧಾನ ಸರಳ. 9 ಎಂಎಂ ಕಾಡತೂಸಿನ ಬುಡದ ನಡುವೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲೊಂದನ್ನು ಬೇರೆಯಾಗಿ ಕೂರಿಸಬೇಕು. .22ರಲ್ಲಿ ಆ ಮದ್ದನ್ನು ಬುಡದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ಅಂಚಿಗೆ ಪೆಟ್ಟು ಬಿದ್ದರೆ ಕಿಡಿ ಹೊತ್ತುತ್ತದೆ.

ಇದಕ್ಕೊಂದು ಬೆಲೆಯೂ ಇದೆ. ಆ ಮದ್ದು ಅಂಚಿನ ಸುತ್ತ ಸಮನಾಗಿ ಹರಡಿರದಿದ್ದರೆ ಗುಂಡು ಹಾರುವುದಿಲ್ಲ. ಅದಕ್ಕೇ .22 ಕಾಡತೂಸು 'ಠುಸ್' ಆಗುವುದು ತುಸು ಹೆಚ್ಚು.

ಈಗ ಲೆಕ್ಕ ಹಾಕೋಣ. ಬೆಲೆ ಏರಿಳಿಯುತ್ತಿರುತ್ತದೆ, ಆದ್ದರಿಂದ ಇದು ಉದಾಹರಣೆ ಮಾತ್ರ. .22 ಒಂದಕ್ಕೆ 8 ಸೆಂಟ್, 9 ಎಂಎಂ ಒಂದಕ್ಕೆ 25 ಸೆಂಟ್ ಅಂತ ಇಟ್ಟುಕೊಳ್ಳಿ. ವಾರಕ್ಕೆ 200 ಗುಂಡು ಹಾರಿಸುವವರಿಗೆ .22ರಲ್ಲಿ 16 ಡಾಲರ್ ಆದರೆ 9 ಎಂಎಂನಲ್ಲಿ 50 ಡಾಲರ್. ವಾರಕ್ಕೆ 34 ಡಾಲರ್ ಉಳಿತಾಯ. 400 ಡಾಲರಿನ .22 ಪಿಸ್ತೂಲು ಕೊಂಡರೆ ಮೂರು ತಿಂಗಳಲ್ಲಿ ಆ ಹಣ ವಾಪಸಾದಂತೆ.

ಆದರೆ ಎರಡು ತಿಂಗಳಿಗೊಮ್ಮೆ ಹೋಗಿ 50 ಗುಂಡು ಹಾರಿಸುವವರಿಗೆ? ಪ್ರತಿ ಸಲ ಉಳಿಯುವುದು ಎಂಟೂವರೆ ಡಾಲರ್. ಆ ಲೆಕ್ಕದಲ್ಲಿ 400 ಡಾಲರ್ ತೀರಲು ಏಳೂವರೆ ವರ್ಷ ದಾಟುತ್ತದೆ. ಅಂಥವರಿಗೆ ರೇಂಜಿನ ಬಾಡಿಗೆ ಪಿಸ್ತೂಲೇ ಲಾಭ. 'ಅಗ್ಗ' ಎನ್ನುವುದು ನೀವು ಎಷ್ಟು ಅಭ್ಯಾಸ ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ.

ಕಲಿಯುವವರಿಗೆ ಇದೇಕೆ ಸೂಕ್ತ?

ಹೊಸಬರ ಗುರಿ ತಪ್ಪಲು ದೊಡ್ಡ ಕಾರಣ ಕಣ್ಣಲ್ಲ, ಬೆಚ್ಚುವುದು. ಈಗ ಸದ್ದಾಗುತ್ತದೆ, ಕೈಗೆ ಒದೆಯುತ್ತದೆ ಎಂದು ಮನಸ್ಸಿಗೆ ಮೊದಲೇ ಗೊತ್ತು. ಟ್ರಿಗರ್ ಎಳೆಯುವ ಕ್ಷಣದಲ್ಲೇ ಮಣಿಕಟ್ಟು ಕೆಳಕ್ಕೆ ಜಗ್ಗುತ್ತದೆ, ಗುಂಡು ಗುರಿಯ ಕೆಳಗೆ ಬೀಳುತ್ತದೆ. ಒದೆತ ಕಡಿಮೆ ಇರುವ ಪಿಸ್ತೂಲಿನಲ್ಲಿ ಈ ಹೆದರಿಕೆ ಬೇರೂರುವ ಮೊದಲೇ ಹಿಡಿತ, ನಿಲುವು, ಉಸಿರು, ಬೆರಳಿನ ಮೆಲ್ಲನೆಯ ಒತ್ತಡ ಎಲ್ಲವೂ ಅಭ್ಯಾಸವಾಗುತ್ತವೆ.

ಒಂದು ಮಿತಿಯೂ ಇದೆ. ದೊಡ್ಡ ಪಿಸ್ತೂಲಿನ ಒದೆತವನ್ನು ತಡೆದು ಮತ್ತೆ ಬೇಗ ಗುರಿಗೆ ಬರುವುದನ್ನು .22 ಕಲಿಸಲಾರದು. ಅದನ್ನು ದೊಡ್ಡ ಪಿಸ್ತೂಲಿನಲ್ಲೇ ಕಲಿಯಬೇಕು.

ಯಾವ ಪಿಸ್ತೂಲು ಆರಿಸಬೇಕು?

ಅಮೆರಿಕದ ಮಾರುಕಟ್ಟೆಯಲ್ಲಿರುವ ಸೆಮಿ ಆಟೊಮ್ಯಾಟಿಕ್ .22ಗಳನ್ನು, ಅಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವ ಪಿಸ್ತೂಲುಗಳನ್ನು, ಎರಡು ಗುಂಪು ಮಾಡಬಹುದು.

ಒಂದು, ಗುರಿ ಅಭ್ಯಾಸಕ್ಕೆಂದೇ ಮಾಡಿದವು. ನಳಿಗೆ ಅಲುಗದಂತೆ ಕೂತಿರುತ್ತದೆ, ತೂಕ ಹೆಚ್ಚು, ಕೈ ನಡುಗುವುದು ಕಡಿಮೆ. ರೂಗರ್ ಕಂಪನಿ 1949ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಸರಕೇ ಇಂಥ .22 ಪಿಸ್ತೂಲು. ಅದರ ಇಂದಿನ ರೂಪ 2016ರಲ್ಲಿ ಬಂದ ಮಾರ್ಕ್ ಫೋರ್. ಬ್ರೌನಿಂಗ್ ಕಂಪನಿಯ ಬಕ್ ಮಾರ್ಕ್ ಕೂಡ ಇದೇ ಜಾತಿಯದು.

ಎರಡು, ನೋಡಲು 9 ಎಂಎಂ ಪಿಸ್ತೂಲಿನಂತೆಯೇ ಇರುವವು. ವಾಲ್ಥರ್ ಪಿ22, ಟಾರಸ್ ಟಿಎಕ್ಸ್22, ಗ್ಲಾಕ್ 44 ಈ ಸಾಲಿನವು. ಗ್ಲಾಕ್ 44ರ ಅಳತೆ ಹೆಚ್ಚುಕಡಿಮೆ 9 ಎಂಎಂನ ಗ್ಲಾಕ್ 19ರಷ್ಟೇ. ಆ ದೊಡ್ಡದು ಈಗಾಗಲೇ ಇರುವವರಿಗೆ ಅದೇ ಹಿಡಿತದಲ್ಲಿ ಅಗ್ಗದ ಅಭ್ಯಾಸ ಸಿಗುತ್ತದೆ. ಹೊಸದಾಗಿ ಕಲಿಯುವವರಿಗೆ ಮೊದಲ ಗುಂಪು ಹೆಚ್ಚು ಅನುಕೂಲ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು:

• ಕೈಗೆ ಹೊಂದುತ್ತದೆಯೇ? ಹಿಡಿತ ಬದಲಿಸದೆ ಬೆರಳು ಟ್ರಿಗರ್ ಮುಟ್ಟಬೇಕು. ಬಾಡಿಗೆಗೆ ಪಡೆದು ಹಾರಿಸಿ ನೋಡುವುದೇ ಸರಿಯಾದ ಪರೀಕ್ಷೆ.

• ಬಿಚ್ಚಿ ಒರೆಸುವುದು ಸುಲಭವೇ? .22 ಮದ್ದು ಹೆಚ್ಚು ಮಸಿ ಬಿಡುತ್ತದೆ. ರೂಗರ್‌ನ ಹಳೆಯ ಮಾದರಿಗಳನ್ನು ಬಿಚ್ಚಿ ಮತ್ತೆ ಜೋಡಿಸುವುದು ದೊಡ್ಡ ತಲೆನೋವು ಎಂಬ ದೂರಿತ್ತು. ಮಾರ್ಕ್ ಫೋರ್‌ನಲ್ಲಿ ಒಂದೇ ಬಟನ್ ಒತ್ತಿದರೆ ಬಿಚ್ಚಿಕೊಳ್ಳುತ್ತದೆ.

• ಅಗ್ಗದ ಕಾಡತೂಸು ಒಗ್ಗುತ್ತದೆಯೇ? ಇಂಥ ಪಿಸ್ತೂಲು ಮುಂದಿನ ಗುಂಡನ್ನು ತುಂಬಿಕೊಳ್ಳುವುದು ಹಿಂದಿನದರ ಬಲದಿಂದ. ಆ ಬಲ ಸಾಲದಿದ್ದರೆ ನಡುವೆ ಸಿಕ್ಕಿಕೊಳ್ಳುತ್ತದೆ. ಮೂರು ನಾಲ್ಕು ಬಗೆಯ ಪೊಟ್ಟಣ ಪ್ರಯತ್ನಿಸಿ, ಒಗ್ಗಿದ್ದನ್ನು ಹೆಚ್ಚು ತನ್ನಿ.

• ಹೆಚ್ಚುವರಿ ಮ್ಯಾಗಜಿನ್ ಸುಲಭವಾಗಿ ಸಿಗುತ್ತದೆಯೇ? ಕೆಲವು ರಾಜ್ಯಗಳಲ್ಲಿ 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್‌ಗೆ ನಿರ್ಬಂಧವಿದೆ.

• ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ಅಭ್ಯಾಸ ಮಾಡಬಹುದೇ? ಕೆಲವು .22ಗಳಲ್ಲಿ ಇದರಿಂದ ಒಳಗಿನ ಸೂಜಿ ನಳಿಗೆಯ ಅಂಚಿಗೆ ಬಡಿದು ಹಾಳಾಗುತ್ತದೆ. ಕಂಪನಿಯ ಕೈಪಿಡಿ ಓದಿ.

ತಪ್ಪು ನಂಬಿಕೆ 1: ".22 ಆಟಿಕೆ, ಅಪಾಯವಿಲ್ಲ"

1968ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಹೋಟೆಲೊಂದರಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಗುಂಡೇಟಿಗೆ ಬಲಿಯಾದರು. 1981ರ ಮಾರ್ಚ್ 30ರಂದು ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ದಾಳಿಯಾಯಿತು. ಎರಡೂ ಕಡೆ ಬಳಕೆಯಾದದ್ದು .22 ರಿವಾಲ್ವರ್. ರೇಗನ್‌ಗೆ ತಗುಲಿದ ಗುಂಡು ಕಾರಿಗೆ ಬಡಿದು ಚಿಮ್ಮಿ ಬಂದದ್ದು. ಆದರೂ ಅದು ಶ್ವಾಸಕೋಶ ಹೊಕ್ಕು ಹೃದಯದಿಂದ ಸುಮಾರು ಒಂದು ಇಂಚು ದೂರದಲ್ಲಿ ನಿಂತಿತ್ತು. ಅಂದು ತಲೆಗೆ ಗುಂಡು ತಗುಲಿದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಜೀವನಪೂರ್ತಿ ಅಂಗವೈಕಲ್ಯದಲ್ಲಿ ಕಳೆದರು.

.22 ಕಾಡತೂಸಿನ ಪೊಟ್ಟಣಗಳ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಎಂಬ ಎಚ್ಚರಿಕೆ ಕಾಣಬಹುದು. ಅಂದರೆ ಸುಮಾರು 2.4 ಕಿಲೋಮೀಟರ್. ಮೇಲಕ್ಕೆತ್ತಿ ಹಾರಿಸಿದ ಗುಂಡು ಪಕ್ಕದೂರಿನಲ್ಲಿ ಬೀಳಬಹುದು. ಆದ್ದರಿಂದ ನಿಯಮಗಳು ದೊಡ್ಡ ಪಿಸ್ತೂಲಿಗೆ ಇರುವಂತೆಯೇ ಇದಕ್ಕೂ: ಸದಾ ಗುಂಡು ತುಂಬಿದೆ ಎಂದೇ ಭಾವಿಸಿ, ನಳಿಗೆಯನ್ನು ಯಾರತ್ತಲೂ ತಿರುಗಿಸಬೇಡಿ, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ, ಗುರಿಯ ಹಿಂದೆ ಏನಿದೆ ಎಂದು ತಿಳಿದುಕೊಳ್ಳಿ.

ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ತಿರುಗಿಸಿ ನೋಡಬೇಡಿ. ತಡವಾಗಿ ಸಿಡಿಯಬಹುದು. ನಳಿಗೆ ಗುರಿಯತ್ತಲೇ ಇರಲಿ, ಕನಿಷ್ಠ 30 ಸೆಕೆಂಡು ಕಾದು ಆಮೇಲೆ ಹೊರತೆಗೆಯಿರಿ. ಸದ್ದು ಎಂದಿಗಿಂತ ಸಣ್ಣದಾಗಿ ಕೇಳಿದರೆ ಮುಂದಿನ ಗುಂಡು ಹಾರಿಸಲೇಬೇಡಿ. ಹಿಂದಿನದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು.

ತಪ್ಪು ನಂಬಿಕೆ 2: "ಸದ್ದು ಕಡಿಮೆ, ಕಿವಿ ಮುಚ್ಚುವುದು ಬೇಡ"

ಪಕ್ಕದವರ ಪಿಸ್ತೂಲಿಗೆ ಹೋಲಿಸಿದರೆ ಕಡಿಮೆ, ನಿಜ. ಆದರೆ .22 ಪಿಸ್ತೂಲಿನ ಸದ್ದು 140 ಡೆಸಿಬಲ್ ದಾಟಬಲ್ಲದು. ಒಮ್ಮೆಗೇ ಬಡಿಯುವ ಸದ್ದಿಗೆ ತಜ್ಞರು ಹಾಕಿರುವ ಮಿತಿಯೇ 140. ಒಳಗಿನ ನರಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಎರಡೂ ಬೇಕು.

ಇನ್ನೊಂದು ಕಾಣದ ಅಪಾಯ ಸೀಸ. .22 ಗುಂಡುಗಳಲ್ಲಿ ಹಲವು ಬರೀ ಸೀಸದವು. ಕಿಡಿ ಹೊತ್ತಿಸುವ ಮದ್ದಿನಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಗಾಳಿಯಾಡದ ಒಳಾಂಗಣ ರೇಂಜಿನಲ್ಲಿ ಆ ದೂಳು ಉಸಿರಿನ ಜತೆ ಒಳಹೋಗುತ್ತದೆ, ಕೈಗೆ, ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಅಗ್ಗವಾದ್ದರಿಂದ ಹೆಚ್ಚು ಹಾರಿಸುತ್ತೇವೆ, ಹೆಚ್ಚು ಹಾರಿಸಿದಷ್ಟೂ ಸೀಸ ಹೆಚ್ಚು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಸ್ವಲ್ಪವೇ ಆದರೂ ಕೆಡುಕು, ಗರ್ಭಿಣಿಯರಿಗೂ ಅಷ್ಟೆ. ಒಳ್ಳೆಯ ಗಾಳಿ ವ್ಯವಸ್ಥೆ ಇರುವ ರೇಂಜ್ ಆರಿಸಿ. ಅಲ್ಲಿ ತಿನ್ನಬೇಡಿ, ಕುಡಿಯಬೇಡಿ. ಮುಗಿದ ಮೇಲೆ ಸೋಪು ಹಾಕಿ ಕೈ, ಮುಖ ತೊಳೆಯಿರಿ. ಮನೆಗೆ ಬಂದು ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ತಪ್ಪು ನಂಬಿಕೆ 3: "ರೇಂಜಿನಲ್ಲಿ ಯಾರು ಬೇಕಾದರೂ ಹೊಡೆಯಬಹುದು"

ಫೋಟೊದಲ್ಲಿದ್ದ ಮಗನಿಗೆ ನಿಜವಾದ ಅಪಾಯ ಇರುವುದು ಇಲ್ಲಿ. ಅಮೆರಿಕದ ಫೆಡರಲ್ ಕಾನೂನಿನಂತೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ಪಿಸ್ತೂಲು ಅಥವಾ ಕಾಡತೂಸು ಹೊಂದುವಂತಿಲ್ಲ. ಎಚ್-1ಬಿ, ಎಲ್-1, ವಿದ್ಯಾರ್ಥಿಗಳ ಎಫ್-1, ಪ್ರವಾಸಕ್ಕೆ ಹೋದ ಅಪ್ಪ ಅಮ್ಮನ ಬಿ-2 ಎಲ್ಲವೂ ತಾತ್ಕಾಲಿಕ ವೀಸಾಗಳೇ. ಕೆಲವು ವಿನಾಯಿತಿಗಳಿವೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು ಅವುಗಳಲ್ಲೊಂದು.

"ನಾನು ಕೊಂಡಿಲ್ಲ, ಬಾಡಿಗೆಗೆ ಹಿಡಿದೆ ಅಷ್ಟೆ" ಎನ್ನುವ ಮಾತು ಇಲ್ಲಿ ರಕ್ಷಣೆ ಕೊಡದಿರಬಹುದು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೂ ಕಾನೂನಿನ ಕಣ್ಣಿಗೆ ಅದು 'ಹೊಂದಿರುವುದು' ಆಗಬಲ್ಲದು. ಕೌಂಟರಿನವರು ಕೇಳಲಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. ಸಿಕ್ಕಿಬಿದ್ದರೆ ಜೈಲು, ವೀಸಾ ರದ್ದು, ಗಡೀಪಾರು ಎಲ್ಲಕ್ಕೂ ದಾರಿ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ, ಆದರೆ ಆಯಾ ರಾಜ್ಯದ ನಿಯಮ ಪಾಲಿಸಬೇಕು. ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿ, ವಾಟ್ಸ್‌ಆ್ಯಪ್ ಗುಂಪನ್ನಲ್ಲ.

ನಮ್ಮ ದೇಶದಲ್ಲಿ?

ಭಾರತದಲ್ಲಿ .22 ಪಿಸ್ತೂಲಿಗೂ 1959ರ ಆಯುಧ ಕಾಯ್ದೆಯಡಿ ಪರವಾನಗಿ ಬೇಕೇ ಬೇಕು. 'ಚಿಕ್ಕದಕ್ಕೆ ಲೈಸೆನ್ಸ್ ಬೇಡ' ಎನ್ನುವುದು ಸುಳ್ಳು. ಕ್ರೀಡೆಯಾಗಿ ಕಲಿಯುವವರಿಗೆ ಶೂಟಿಂಗ್ ಕ್ಲಬ್‌ಗಳ ದಾರಿ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆ .22 ಪಿಸ್ತೂಲಿನದೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಂಡ 50 ಮೀಟರ್ ಪಿಸ್ತೂಲು ಸ್ಪರ್ಧೆಯೂ .22ರದೇ.

ಇನ್ನೂ ಅಗ್ಗದ ಆರಂಭ ಬೇಕೆಂದರೆ 10 ಮೀಟರ್ ಏರ್ ಪಿಸ್ತೂಲು ಇದೆ. ಮದ್ದಿಲ್ಲ, ಗಾಳಿಯ ಒತ್ತಡದಿಂದ 4.5 ಮಿಲಿಮೀಟರಿನ ಪುಟ್ಟ ಗುಂಡು ಹಾರುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಈ ಅಳತೆಯ, 20 ಜೂಲ್ ಮೀರದ ಏರ್ ಗನ್ನಿಗೆ ಪರವಾನಗಿ ಬೇಡ. ಆದರೂ ಕಣ್ಣು ಕಳೆಯಲು ಅದೊಂದೇ ಸಾಕು. ನಿಯಮ ಬದಲಾಗಿದೆಯೇ ಎಂದು ಕ್ಲಬ್ಬಿನಲ್ಲಿ ಕೇಳಿಯೇ ಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

.22ರಲ್ಲಿ ಬೆಲೆ ಸಣ್ಣದು, ಒದೆತ ಸಣ್ಣದು. ಅಪಾಯವೂ ಕಾನೂನೂ ಸಣ್ಣವಲ್ಲ. 'ಆಟಿಕೆ' ಎಂಬ ಸಂದೇಶ ನಿಮಗೆ ಬಂದರೆ ಮುಂದೆ ಕಳಿಸಬೇಡಿ. ವಿದೇಶದಲ್ಲಿರುವ ಮಗನೋ ಮಗಳೋ ರೇಂಜಿನ ಫೋಟೊ ಹಾಕಿದರೆ ಗಾಬರಿಯಾಗುವುದೂ ಬೇಡ. ಒಂದೇ ಪ್ರಶ್ನೆ ಕೇಳಿ: "ನಿನ್ನ ವೀಸಾಕ್ಕೆ ಇದು ಸರಿಯೇನಪ್ಪಾ, ವಿಚಾರಿಸಿದ್ದೀಯಾ?"